ಸಾಲ ಮನ್ನಾಕ್ಕೆ ಕಾಯ್ಬೇಡ್ರಿ, ಟೈಮ್ ಕೇಳ್ರಿ, ಅದೂ ಬರೆದು ಕೇಳ್ರಿ

ಗೊಬ್ಬರ ಬೀಜದ ಅಂಗಡಿ ಇಟ್ಕೊಂಡೋರಿಗೆ ಊರಿನ ಸಾಲದ ಲೆಕ್ಕ ಯಾರೂ ಹೇಳ್ಬೇಕಾಗಿಲ್ಲ. ಯಾರು ನಗದು ಕೊಟ್ಟು ಡಿಎಪಿ ಒಯ್ತಾರೆ, ಯಾರು ಉದ್ರಿ ಬರೆಸ್ತಾರೆ, ಯಾರು ಮನೆಯಾಕೆ ಕೊರಳಿನ ಸರ ಅಡ ಇಟ್ಟು ಬಂದು ಬೀಜ ತಗೊಂಡ್ರು, ಎಲ್ಲಾ ಗಲ್ಲಾದ ಮುಂದೆ ಕೂತೋನಿಗೆ ತಿಳೀತೈತೆ. ದಾವಣಗೆರೆ ಪೇಟೇಲಿ ನಮ್ದು ಅಂಥದೊಂದು ಅಂಗಡಿ. ಜಗಳೂರು, ಹರಿಹರ, ಚನ್ನಗಿರಿ ಕಡೆಯಿಂದ ಗಿರಾಕಿ ಬರ್ತಾರೆ, ಆ ಕಡೆ ಭರಮಸಾಗರ ದಾಟಿ ಚಿತ್ರದುರ್ಗದ ತನಕನೂ ಇದಾರೆ. 2025ರ ಮುಂಗಾರಿನ ಮೆಕ್ಕೆಜೋಳ ಒಕ್ಕಿ ಎಪಿಎಂಸಿಗೆ ತಂದ ಮೇಲಂತೂ ಅಂಗಡೀಲಿ ಬ್ಯಾಂಕಿನ ಮಾತು ಬಿಟ್ಟು ಬೇರೆ ಮಾತೇ ಇಲ್ಲ, ಆ ವರ್ಷದ ಬೆಂಬಲ ಬೆಲೆ ಕ್ವಿಂಟಾಲಿಗೆ 2,400 ಅಂತ ಪೇಪರ್‌ನಲ್ಲಿ ಬಂದಿತ್ತು, ಪೇಟೇಲಿ ಅದರ ಹತ್ರಕ್ಕೂ ಹೋಗ್ಲಿಲ್ಲ, ಬಂದ ದುಡ್ಡು ಒಕ್ಕಣೆ ಕೂಲಿ, ಲಾರಿ ಬಾಡಿಗೆ, ನಮ್ಮಂಥೋರ ಉದ್ರಿಗೇ ಸರಿ ಹೋಯ್ತು, ಬ್ಯಾಂಕಿಗೆ ಏನು ಕಟ್ಟೋದು.

ಎಲ್ರೂ ಕೇಳೋದು ಒಂದೇ ಮಾತು: "ಈ ಸಲ ಮನ್ನಾ ಆಗ್ತೈತಾ ಸಾವ್ಕಾರ್ರೆ?" ಬ್ಯಾಂಕಿನೋರು ಟೈಮ್ ಕೊಡ್ತಾರಾ, ಕಂತು ಮಾಡಿ ಕೊಡ್ತಾರಾ ಅಂತ ಕೇಳೋರು ಭಾಳ ಕಡಿಮೆ. ನನಗೆ ಹೇಳ್ಬೇಕಾಗಿರೋದು ಇದೇ ವಿಷಯ, ಯಾಕಂದ್ರೆ ಟೈಮ್ ಕೊಡೋಕೆ ನಿಯಮ ಐತೆ, ಬರೆದಿಟ್ಟ ನಿಯಮ, ಆದ್ರೆ ಅದು ಕೇಳ್ದೋರಿಗೆ ಮಾತ್ರ ಸಿಗ್ತೈತೆ, ಅದೂ ಸರಿಯಾದ ಹೊತ್ತಿಗೆ ಕೇಳ್ದೋರಿಗೆ.

ಮನ್ನಾದ ಬಗ್ಗೆ ಮೊದ್ಲು ಹೇಳಿ ಮುಗಿಸ್ತೀನಿ. ನಾನು ಮನ್ನಾ ವಿರೋಧಿ ಅಲ್ಲ, ಪೂರಾ ಮುಳುಗಿದೋರಿಗೆ ಅದು ಬೇಕು. 2017ರಲ್ಲಿ ಸಿದ್ದರಾಮಯ್ಯ ಸರ್ಕಾರ ಸಹಕಾರಿ ಸಾಲದಲ್ಲಿ 50 ಸಾವಿರದ ತನಕ ಮಾಡ್ತು, 2018ರಲ್ಲಿ ಕುಮಾರಸ್ವಾಮಿ ಸರ್ಕಾರ ವಾಣಿಜ್ಯ ಬ್ಯಾಂಕಿನದು 2 ಲಕ್ಷ, ಸಹಕಾರಿದು 1 ಲಕ್ಷದ ತನಕ ಅಂತು. ಅದರಿಂದ ಉಸಿರಾಡಿದ ಮನೆಗಳನ್ನ ನಾನೇ ನೋಡಿದೀನಿ. ಆದ್ರೆ ಬರುತ್ತೆ ಬರುತ್ತೆ ಅಂತ ಕಟ್ಟೋದನ್ನೇ ನಿಲ್ಲಿಸಿ, ಆಮೇಲೆ ರೇಷನ್ ಕಾರ್ಡ್ ಹೊಂದಲ್ಲ, ಆಧಾರ್ ಹೊಂದಲ್ಲ, ಕುಟುಂಬಕ್ಕೆ ಒಂದೇ ಸಾಲ ಅಂತ ಪಟ್ಟಿಯಿಂದ ಹೊರಗೆ ಬಿದ್ದೋರನ್ನೂ ನೋಡಿದೀನಿ. ಅವರ ಖಾತೆ ಸುಸ್ತಿ ಆಗಿ, ಅಂದ್ರೆ ಗಡುವು ದಾಟಿ ಬಾಕಿ ಬಿದ್ದು, ಬಡ್ಡಿ ಬೆಳೆದು, ಸಾಲ ಹೆಂಗೆ ತೀರಿಸಿದ್ರು ಅಂತ ತೋರ್ಸೋ ಸಿಬಿಲ್ ದಾಖಲೆ ಕೆಟ್ಟು, ಹೊಸ ಸಾಲ ಎಲ್ಲೂ ಹುಟ್ಟದೆ ಕೈಸಾಲಕ್ಕೆ ಹೋದ್ರು. ನೂರಕ್ಕೆ ಮೂರು ರೂಪಾಯಿ ಬಡ್ಡಿ ಅಂದ್ರೆ 2 ಲಕ್ಷಕ್ಕೆ ತಿಂಗಳಿಗೆ 6 ಸಾವಿರ, ವರ್ಷಕ್ಕೆ 72 ಸಾವಿರ. ಅದೇ 2 ಲಕ್ಷಕ್ಕೆ ಬ್ಯಾಂಕಿನ ಬೆಳೆ ಸಾಲ ಟೈಮಿಗೆ ಕಟ್ಟಿದ್ರೆ ವರ್ಷದ ಬಡ್ಡಿ 8 ಸಾವಿರ. ಈ ಎರಡು ನಂಬರ್ ನಡುವೆ ನಮ್ಮ ಸೀಮೆಯ ಎಷ್ಟೋ ಹೊಲಗಳು ಕೈ ಬಿಟ್ಟು ಹೋಗ್ಯಾವೆ.

ಬೆಳೆ ಸಾಲದ ಲೆಕ್ಕ ಗೊತ್ತಿಲ್ಲದೋರಿಗೆ ಹೇಳ್ತೀನಿ. ಬೆಳೆ ಸಾಲ ಸಿಗೋ ಕಿಸಾನ್ ಕ್ರೆಡಿಟ್ ಕಾರ್ಡ್ ಶುರುವಾಗಿದ್ದು 1998ರಲ್ಲಿ. 3 ಲಕ್ಷದ ತನಕ ಬಡ್ಡಿ 7%, ವರ್ಷದೊಳಗೆ ಟೈಮ್‌ಗೆ ಸರಿಯಾಗಿ ಕಟ್ಟಿದ್ರೆ ಅದ್ರಲ್ಲಿ 3% ಕೇಂದ್ರ ಸರ್ಕಾರ ಬಿಡ್ತೈತೆ, ನಮಗೆ ಬೀಳೋದು 4%. ಊರಿನ ಸೊಸೈಟಿ ಮೂಲಕ ಡಿಸಿಸಿ ಬ್ಯಾಂಕಿನ, ಅಂದ್ರೆ ಜಿಲ್ಲಾ ಸಹಕಾರಿ ಬ್ಯಾಂಕಿನ, ಸಾಲ ಆದ್ರೆ ರಾಜ್ಯ ಸರ್ಕಾರ ಬಡ್ಡಿನೇ ಇಲ್ದಂಗೆ ಕೊಡ್ತೈತೆ, 2023ರ ಬಜೆಟ್‌ನಲ್ಲಿ ಆ ಮಿತಿ 3 ಲಕ್ಷ ಇದ್ದದ್ದು 5 ಲಕ್ಷಕ್ಕೆ ಏರಿತು. ಹೊಲ ಅಡ ಬರೆಸ್ಕೊಳ್ದೆ ಕೊಡೋ ಕೃಷಿ ಸಾಲದ ಮಿತಿನೂ ಆರ್‌ಬಿಐ 1.6 ಲಕ್ಷದಿಂದ 2 ಲಕ್ಷಕ್ಕೆ ಏರಿಸಿತು, 2025ರ ಜನವರಿ 1ರಿಂದ. ಎಲ್ಲಾ ಒಳ್ಳೇವೇ. ಆದ್ರೆ ಈ 4%, ಈ ಸೊನ್ನೆ, ಎಲ್ಲಾ ನಿಂತಿರೋದು ಟೈಮ್‌ಗೆ ಕಟ್ಟೋದ್ರ ಮೇಲೆ. ಡ್ಯೂ ಡೇಟ್ ದಾಟಿತೋ ಸವಲತ್ತು ಹೋಯ್ತು, ಬ್ಯಾಂಕಿನ ಮಾಮೂಲಿ ಬಡ್ಡಿ ಶುರುವಾಯ್ತು. ಮಳೆ ಮಾತ್ರ ಡ್ಯೂ ಡೇಟ್ ನೋಡಿ ಬರಲ್ಲ.

ಅದಕ್ಕೆ ಏನ್ ಮಾಡ್ತಾರೆ ಅಂದ್ರೆ ರಿನ್ಯೂವಲ್. ಊರಲ್ಲಿ ಯಾರ ಹತ್ರನೋ ಎರಡು ದಿನಕ್ಕೆ ಅಂತ ದುಡ್ಡು ತರ್ತಾರೆ, ಬ್ಯಾಂಕಿಗೆ ಅಸಲು ಬಡ್ಡಿ ಪೂರಾ ಕಟ್ತಾರೆ, ಮಾರನೇ ದಿನ ಮತ್ತೆ ಎತ್ತಿ ಆ ಸಾವ್ಕಾರ್ರಿಗೆ ವಾಪಸ್ ಕೊಡ್ತಾರೆ. ಎರಡು ದಿನದ ದುಡ್ಡಿಗೆ ಲಕ್ಷಕ್ಕೆ ಒಂದು ಸಾವಿರವೋ ಎರಡು ಸಾವಿರವೋ ಹಿಡ್ಕೊಂಡೇ ಕೊಡೋದು. ಬ್ಯಾಂಕಿನ ಬುಕ್‌ನಲ್ಲಿ ರೈತ ಟೈಮ್‌ಗೆ ಕಟ್ಟಿದಾನೆ, ವಸೂಲಿ ಚೆನ್ನಾಗೈತೆ, ಎಲ್ರಿಗೂ ಖುಷಿ. ಮನೇಲಿ ನೋಡಿದ್ರೆ ಅಸಲು ಒಂದು ರೂಪಾಯಿನೂ ಇಳಿದಿಲ್ಲ, ಕೈಗೆ ಹೊಸ ದುಡ್ಡೂ ಬಂದಿಲ್ಲ, ಬಿತ್ತನೆಗೆ ಮತ್ತೆ ನನ್ನಂಥೋರ ಉದ್ರಿನೇ ಗತಿ. ಮಳೆ ಬೆಳೆ ಚೆನ್ನಾಗಿರೋ ವರ್ಷ ಇದು ಹೆಂಗೋ ನಡೀತೈತೆ. ಬರಗಾಲದ ವರ್ಷ ಇದನ್ನ ಮಾಡ್ಲೇಬಾರದು, ಯಾಕಂದ್ರೆ ಬರಗಾಲಕ್ಕೆ ಬೇರೆ ದಾರಿನೇ ಐತೆ.

ಆ ದಾರಿ ಆರ್‌ಬಿಐನ 2018ರ ನೈಸರ್ಗಿಕ ವಿಕೋಪದ ನಿರ್ದೇಶನದಲ್ಲಿ ಬರೆದಿತ್ತು, ಈಗಿನ ನಿಯಮ ಏನು ಅಂತ ಶಾಖೇಲಿ ಒಂದ್ಸಲ ಕೇಳ್ಕೊಳ್ರಿ. ಅದರ ಪ್ರಕಾರ ಬೆಳೆ ನಷ್ಟ 33% ದಾಟಿ, ಸರ್ಕಾರ ಆ ಸೀಮೇನ ವಿಕೋಪಪೀಡಿತ ಅಂತ ಘೋಷಿಸಿದ್ರೆ ಬ್ಯಾಂಕಿನೋರು ಬೆಳೆ ಸಾಲಾನ ಅವಧಿ ಸಾಲ, ಅಂದ್ರೆ ವರ್ಷಗಟ್ಲೆ ಕಂತಲ್ಲಿ ತೀರಿಸೋ ಸಾಲ, ಮಾಡಿ ಕೊಡ್ಬೇಕು. ನಷ್ಟ 33ರಿಂದ 50% ಒಳಗಿದ್ರೆ ಎರಡು ವರ್ಷದ ತನಕ, 50% ಅಥವಾ ಅದಕ್ಕೂ ಮೇಲಿದ್ರೆ ಐದು ವರ್ಷದ ತನಕ, ಎರಡರಲ್ಲೂ ಮೊದಲ ಒಂದು ವರ್ಷ ಕಂತೇ ಇಲ್ಲ. ಅದಕ್ಕೆ ಅಂತ ಹೊಸದಾಗಿ ಆಸ್ತಿ ಅಡ ಕೇಳಂಗಿಲ್ಲ. ಖಾತೆ ಎನ್‌ಪಿಎ, ಅಂದ್ರೆ ಕೆಟ್ಟ ಸಾಲ, ಅಂತ ಆಗಲ್ಲ, ಚಾಲ್ತಿ ಸಾಲ ಅಂತಲೇ ಇರ್ತೈತೆ. ಎಲ್ಲಕ್ಕಿಂತ ದೊಡ್ಡದು, ಮುಂದಿನ ಬೆಳೆಗೆ ಹೊಸ ಸಾಲ ಕೊಡ್ಬೇಕು ಅಂತನೂ ಐತೆ. ಈ ಕೆಲ್ಸ ಮುಗಿಸೋಕೆ ಬ್ಯಾಂಕಿಗೆ ಇರೋ ಟೈಮ್ ಸುಮಾರು ಮೂರು ತಿಂಗಳು. ಒಂದು ಷರತ್ತು ಮಾತ್ರ ಗಟ್ಟಿ: ವಿಕೋಪ ಬಂದಾಗ ನಿಮ್ಮ ಖಾತೆ ಅದಕ್ಕೂ ಮುಂಚೆನೇ ಸುಸ್ತಿ ಆಗಿರ್ಬಾರದು. ಮನ್ನಾ ಆಗ್ತೈತೆ ಅಂತ ಕಟ್ಟೋದು ನಿಲ್ಲಿಸಿದೋರು ಇಲ್ಲೇ ಜಾರಿ ಬೀಳೋದು.

2023ರ ಬರ ನೆನಪಿರ್ಬೇಕು. ರಾಜ್ಯದ 236 ತಾಲ್ಲೂಕಲ್ಲಿ 223 ತಾಲ್ಲೂಕು ಬರಪೀಡಿತ ಅಂತ ಘೋಷಣೆ ಆಯ್ತು, ನಮ್ಮ ದಾವಣಗೆರೆ, ಚಿತ್ರದುರ್ಗ ಎರಡೂ ಜಿಲ್ಲೆ ಅದ್ರಲ್ಲಿದ್ವು. ಜಗಳೂರು ಕಡೆ ಮೆಕ್ಕೆಜೋಳ ಸೊಂಟದೆತ್ತರಕ್ಕೇ ಒಣಗಿ ನಿಂತಿತ್ತು, ಮೇವಿಗೆ ಅಂತ ಕೊಯ್ದ್ರು. ನಮ್ಮ ಹಳೇ ಗಿರಾಕಿ, ವಯಸ್ಸಾದ ಯಜಮಾನ್ರು, ಬ್ಯಾಂಕಿಂದ ಬಂದ ನೋಟಿಸ್ ಮಡಚಿ ಅಂಗಿ ಜೇಬಲ್ಲಿಟ್ಕೊಂಡು ಬಂದು "ಎರಡು ದಿನಕ್ಕೆ ದುಡ್ಡು ಅಡ್ಜಸ್ಟ್ ಮಾಡಪ್ಪಾ, ರಿನ್ಯೂವಲ್ ಮಾಡ್ಸಿ ಕೊಡ್ತೀನಿ" ಅಂದ್ರು. ದುಡ್ಡು ಕೊಡೋ ಬದ್ಲು ಒಂದು ಬಿಳಿ ಹಾಳೆ ತಗೊಂಡು ಅಲ್ಲೇ ಕೂತು ಅರ್ಜಿ ಬರೆದ್ವಿ. ಇಂಥ ಸರ್ವೆ ನಂಬರ್, ಇಷ್ಟು ಎಕರೆ, ಇಂಥ ಬೆಳೆ, ತಾಲ್ಲೂಕು ಬರಪೀಡಿತ ಅಂತ ಘೋಷಣೆ ಆಗೈತೆ, ಬೆಳೆ ನಷ್ಟ ಆಗೈತೆ, ಆರ್‌ಬಿಐ ನಿರ್ದೇಶನದ ಪ್ರಕಾರ ನನ್ನ ಬೆಳೆ ಸಾಲಾನ ಅವಧಿ ಸಾಲ ಮಾಡಿ ಕೊಡ್ಬೇಕು, ಮುಂದಿನ ಹಂಗಾಮಿಗೆ ಹೊಸ ಸಾಲನೂ ಮಂಜೂರು ಮಾಡ್ಬೇಕು ಅಂತ. ಎರಡು ಪ್ರತಿ.

ಶಾಖೆಗೆ ನಾನೂ ಹೋಗಿದ್ದೆ. ಫೀಲ್ಡ್ ಆಫೀಸರ್ ಓದಿ, "ಯಾಕ್ ಸುಮ್ನೆ ತಲೆಬ್ಯಾನಿ ಯಜಮಾನ್ರೆ, ರಿನ್ಯೂವಲ್ ಮಾಡ್ಸ್ಕೊಂಡ್ಬಿಡ್ರಿ, ನಿಮ್ಗೂ ಒಳ್ಳೇದು ನಮ್ಗೂ ಒಳ್ಳೇದು" ಅಂದ್ರು. ಯಜಮಾನ್ರು ನನ್ನ ಮುಖ ನೋಡಿದ್ರು. ಇಲ್ಲ ಸರ್, ಅರ್ಜಿ ತಗೊಳ್ಳಿ, ಎರಡನೇ ಪ್ರತಿ ಮೇಲೆ ಸೀಲ್ ಹಾಕಿ ಡೇಟ್ ಬರೆದು ಕೊಡಿ ಅಂದೆ. ಸೀಲ್ ಎಲ್ಲಾ ಹಾಕಲ್ಲ, ಇಟ್ಟು ಹೋಗ್ರಿ ಅಂದ್ರು. ಹಂಗಾದ್ರೆ ಪೋಸ್ಟ್‌ನಲ್ಲಿ ಕಳಿಸ್ತೀವಿ ಸರ್, ಒಂದು ಪ್ರತಿ ಜಿಲ್ಲೆಯ ಬ್ಯಾಂಕ್‌ಗಳ ಕೆಲ್ಸ ನೋಡೋ ಲೀಡ್ ಬ್ಯಾಂಕ್ ಮ್ಯಾನೇಜರ್‌ಗೂ ಹೋಗ್ತೈತೆ ಅಂದ ಮೇಲೆ ಒಳಗೆ ಹೋಗಿ ಮ್ಯಾನೇಜರ್ ಹತ್ರ ಮಾತಾಡ್ಕೊಂಡು ಬಂದ್ರು. ಸೀಲ್ ಬಿತ್ತು. ಆಮೇಲೂ ಓಡಾಟ ಇತ್ತು, ಪಹಣಿ ತನ್ನಿ, ಬೆಳೆ ಸಮೀಕ್ಷೆಯ ನಕಲು ತನ್ನಿ, ಹೊಸ ಪೇಪರ್‌ಗೆ ಸಹಿ ಹಾಕಿ ಅಂತ, ಆದ್ರೆ ಕೆಲ್ಸ ಆಯ್ತು. 2024ರ ಮಳೆ ಕೈ ಹಿಡಿದಾಗ ಅವರ ತಲೆ ಮೇಲೆ ಬ್ಯಾಂಕಿನ ಕಂತು ಬಿಟ್ಟು ಬೇರೆ ಯಾರ ಸಾಲನೂ ಇರ್ಲಿಲ್ಲ. ಅದೇ ಊರಲ್ಲಿ ಕೈಸಾಲ ತಂದು ರಿನ್ಯೂವಲ್ ಮಾಡ್ಸಿದೋರು ಆ ವರ್ಷದ ಬೆಳೇಲಿ ಮೊದ್ಲು ತೀರಿಸಿದ್ದು ಸಾವ್ಕಾರ್ರ ಬಡ್ಡೀನ.

ಬ್ಯಾಂಕಿನ ಸಿಬ್ಬಂದಿನ ಬೈಯೋಕೆ ಇದನ್ನ ಹೇಳ್ತಿಲ್ಲ. ಒಬ್ಬ ಫೀಲ್ಡ್ ಆಫೀಸರ್ ತಲೆ ಮೇಲೆ ಎಷ್ಟೋ ಹಳ್ಳಿ ಇರ್ತಾವೆ, ಪ್ರತಿ ಖಾತೆಗೂ ಹೊಸ ದಾಖಲೆ ಮಾಡೋದು ಸಣ್ಣ ಕೆಲ್ಸ ಅಲ್ಲ, ರಿನ್ಯೂವಲ್ ಆದ್ರೆ ಅರ್ಧ ದಿನದಲ್ಲಿ ಮುಗೀತೈತೆ, ಮೇಲಿನೋರು ಕೇಳೋದೂ ವಸೂಲಿ ಎಷ್ಟು ಅಂತಲೇ. ಆದ್ರೆ ಒಂದು ನೋಟಿಸು, ಕನ್ನಡದಲ್ಲಿ, ದೊಡ್ಡ ಅಕ್ಷರದಲ್ಲಿ, "ಬರಪೀಡಿತ ತಾಲ್ಲೂಕಿನ ರೈತರು ಸಾಲ ಪುನರ್‌ರಚನೆಗೆ ಅರ್ಜಿ ಕೊಡಬಹುದು" ಅಂತ ಶಾಖೆ ಬಾಗ್ಲಿಗೆ, ಗ್ರಾಮ ಪಂಚಾಯ್ತಿಗೆ ಅಂಟಿಸೋಕೆ ಏನು ಕಷ್ಟ? ಅದನ್ನ ಮಾಡಿಲ್ಲ ಅನ್ನೋ ಸಿಟ್ಟು ನನಗೆ ಇವತ್ತಿಗೂ ಐತೆ.

ಇನ್ನೊಂದು ವಿಷಯ. 2024ರ ಬೇಸಿಗೇಲಿ ಬರ ಪರಿಹಾರದ ದುಡ್ಡು ಬಂದಾಗ ಅದನ್ನ ಸಾಲದ ಖಾತೆಗೆ ಜಮಾ ಮಾಡ್ಕೊಂಡ್ರು ಅಂತ ರಾಜ್ಯದ ಹಲವು ಕಡೆ ದೂರು ಬಂದ್ವು, ಹಂಗೆ ಮಾಡ್ಬೇಡ್ರಿ ಅಂತ ಸರ್ಕಾರನೇ ಬ್ಯಾಂಕ್‌ಗಳಿಗೆ ಹೇಳ್ಬೇಕಾಯ್ತು. ಪರಿಹಾರದ ದುಡ್ಡು ಹೊಟ್ಟೆಗೆ, ಬಿತ್ತನೆಗೆ. ನಿಮ್ಗೆ ಹಂಗೇನಾದ್ರೂ ಆದ್ರೆ ಅದನ್ನೂ ಬರೆದು ಕೇಳ್ರಿ, ಡಿಸಿ ಆಫೀಸಿಗೂ ಒಂದು ಪ್ರತಿ ಕೊಡ್ರಿ.

ಈಗ ವ್ಯಾಪಾರಸ್ಥರ ಕಡೆ ಬರ್ತೀನಿ. ರೈತನ ಕಷ್ಟ ರೈತನ ಹತ್ರನೇ ನಿಲ್ಲಲ್ಲ. ನನ್ನ ಅಂಗಡಿಗೆ ಬ್ಯಾಂಕಿನ ಸಿಸಿ (ಕ್ಯಾಶ್ ಕ್ರೆಡಿಟ್) ಲಿಮಿಟ್ ಐತೆ, ಬೇಕಾದಾಗ ಎತ್ತಿ ಕಟ್ಟೋ ಸಾಲ, ತಿಂಗಳಿಗೊಂದ್ಸಲ ಸ್ಟಾಕ್ ಸ್ಟೇಟ್‌ಮೆಂಟ್ ಕೊಡ್ಬೇಕು, ಸ್ಟಾಕು ಎಷ್ಟು, ಬರ್ಬೇಕಾದ ಬಾಕಿ ಎಷ್ಟು ಅಂತ, ಅದರ ಮೇಲೆ ಎಷ್ಟು ದುಡ್ಡು ಎತ್ಬಹುದು ಅನ್ನೋ ಡ್ರಾಯಿಂಗ್ ಪವರ್ ಹಾಕ್ತಾರೆ. 90 ದಿನ ದಾಟಿದ ಬಾಕಿ ಲೆಕ್ಕಕ್ಕೆ ಬರಲ್ಲ. ಬೆಳೆ ಚೆನ್ನಾಗಿದ್ದಾಗಲೇ ಜೂನ್‌ನಲ್ಲಿ ಕೊಟ್ಟ ಉದ್ರಿ ವಸೂಲಿ ಆಗೋದು ದೀಪಾವಳಿ ದಾಟಿದ ಮೇಲೆ. ಬೆಳೆ ಕೈ ಕೊಟ್ರೆ, ಇಲ್ಲಾ ರೇಟ್ ಬಿದ್ರೆ, ಮುಂದಿನ ವರ್ಷಕ್ಕೇ. ಅಂದ್ರೆ ಉದ್ರಿ ಬೆಟ್ಟದಂಗೆ ಬೆಳೆದು ಕಂಪನಿಗೆ ದುಡ್ಡು ಕಟ್ಟೋಕೆ ನನಗೆ ಸಾಲ ಭಾಳ ಬೇಕಾದ ಹೊತ್ತಲ್ಲೇ ಬ್ಯಾಂಕಿನ ಲೆಕ್ಕದಲ್ಲಿ ನನ್ನ ಲಿಮಿಟ್ ಕುಗ್ತೈತೆ. ಇಲ್ಲಿ ಗೊಬ್ಬರ, ಬೀಜ, ಪಂಪ್‌ಸೆಟ್ಟು, ಬಟ್ಟೆ ಅಂಗಡಿ ಯಾರನ್ನ ಕೇಳಿದ್ರೂ ಇದೇ ಕಥೆ. ಬೆಳೆ ಸಾಲ ಎನ್‌ಪಿಎ ಆಗೋದು ಮೆಕ್ಕೆಜೋಳ, ಭತ್ತದಂಥ ಬೆಳೆಗೆ ಎರಡು ಹಂಗಾಮು ಸುಸ್ತಿ ಆದ್ರೆ, ಅಂಗಡಿ ಸಾಲಕ್ಕೆ 90 ದಿನ ಅಷ್ಟೆ. ರೈತನ ಹಂಗಾಮಿನ ಮೇಲೆ ಬದುಕೋ ಅಂಗಡಿಗೂ ಹಂಗಾಮಿನ ಲೆಕ್ಕ ಬೇಕು ಅನ್ನೋದು ನನ್ನ ಗಟ್ಟಿ ಅಭಿಪ್ರಾಯ.

ತಯಾರಿ ಮಾಡೋರಿಗೆ, ಅಂದ್ರೆ ನಮ್ಮೂರ ಮಂಡಕ್ಕಿ ಭಟ್ಟಿಯೋರು, ಚಳ್ಳಕೆರೆಯ ಎಣ್ಣೆ ಮಿಲ್ಲಿನೋರು, ಒಕ್ಕಣೆ ಮಷಿನ್ ಮಾಡೋ ವರ್ಕ್‌ಶಾಪಿನೋರು, ಇವರಿಗೆ ಒಂದು ದಾರಿ ಐತೆ, ಅದೂ ಯಾರಿಗೂ ಗೊತ್ತಿಲ್ಲ. ಸಣ್ಣ ಉದ್ಯಮಗಳ ಪುನಶ್ಚೇತನದ ಚೌಕಟ್ಟು ಅಂತ ಕೇಂದ್ರ 2015ರಲ್ಲಿ ಹೊರಡಿಸಿತು, ಆರ್‌ಬಿಐ 2016ರಲ್ಲಿ ಬ್ಯಾಂಕ್‌ಗಳಿಗೆ ನಿರ್ದೇಶನ ಕೊಡ್ತು. ಕಂತು ತಡ ಆದ ಖಾತೆಗೆ ಬ್ಯಾಂಕಿನೋರು ಎಸ್‌ಎಂಎ ಅಂತ ಎಚ್ಚರಿಕೆ ಗುರುತು ಹಾಕ್ತಾರೆ: ಮೊದಲ 30 ದಿನ ಎಸ್‌ಎಂಎ ಸೊನ್ನೆ, 31ರಿಂದ 60 ಎಸ್‌ಎಂಎ ಒಂದು, 61ರಿಂದ 90 ಎಸ್‌ಎಂಎ ಎರಡು, ಆಮೇಲೆ ಎನ್‌ಪಿಎ. ಈ 90 ದಿನದ ಒಳಗೆ ಉದ್ಯಮದೋರು ತಾವೇ ಅರ್ಜಿ ಕೊಟ್ಟು "ನನಗೆ ಹಿಂಗೆ ತೊಂದ್ರೆ ಆಗೈತೆ, ಕಂತು ಬದಲಾಯಿಸಿ ಕೊಡಿ" ಅಂತ ಕೇಳ್ಬಹುದು. 10 ಲಕ್ಷದ ತನಕದ ಸಾಲ ಆದ್ರೆ ಶಾಖೆ ಮಟ್ಟದಲ್ಲೇ ನೋಡ್ಬಹುದು, ಅದಕ್ಕೂ ಮೇಲಿದ್ರೆ ಸಮಿತಿ ಮುಂದೆ ಹೋಗ್ತೈತೆ. 2024ರ ಆಗಸ್ಟ್‌ನಲ್ಲಿ ಪ್ರೊ ನಿಟ್ಸ್ ಅನ್ನೋ ಸಂಸ್ಥೆಯ ಕೇಸಲ್ಲಿ ಸುಪ್ರೀಂ ಕೋರ್ಟು ಎರಡು ಮಾತು ಹೇಳ್ತು, ಈ ಚೌಕಟ್ಟನ್ನ ಬ್ಯಾಂಕು ಪಾಲಿಸ್ಲೇಬೇಕು, ಆದ್ರೆ ಉದ್ಯಮದೋರೂ ಎನ್‌ಪಿಎ ಆಗೋಕೆ ಮುಂಚೆ ದಾಖಲೆ ಹಿಡ್ಕೊಂಡು ಬ್ಯಾಂಕಿನ ಗಮನಕ್ಕೆ ತರ್ಬೇಕು, ಎಲ್ಲಾ ಮುಗಿದು ಹರಾಜಿಗೆ ಬಂದ ಮೇಲೆ ನೆನಪಾದ್ರೆ ಆಗಲ್ಲ. ಹೊಲದ ಸಾಲಕ್ಕೂ ಭಟ್ಟಿ ಸಾಲಕ್ಕೂ ಕೊನೆಗೆ ಷರತ್ತು ಒಂದೇ ಆಯ್ತು ನೋಡ್ರಿ, ಕೆಡೋ ಮುಂಚೆ ಕೇಳ್ಬೇಕು. ಉದ್ಯಮ್ ರಿಜಿಸ್ಟ್ರೇಷನ್, ಅಂದ್ರೆ ಸಣ್ಣ ಉದ್ಯಮದ ಸರ್ಕಾರಿ ನೋಂದಣಿ, ಮಾತ್ರ ಮಾಡಿಸಿರ್ಬೇಕು, ಅದಕ್ಕೆ ಒಂದು ಪೈಸೆ ಖರ್ಚಿಲ್ಲ. ನಮ್ಮಂಥ ಟ್ರೇಡರ್ಸ್‌ಗೂ 2021ರ ಜುಲೈಯಿಂದ ಉದ್ಯಮ್ ಕೊಟ್ರು, ಆದ್ರೆ ಆದ್ಯತಾ ವಲಯದ ಸಾಲಕ್ಕೆ (ಬ್ಯಾಂಕು ಇಂತಿಷ್ಟು ಕೊಡ್ಲೇಬೇಕಾದ ಸಾಲಕ್ಕೆ) ಅಂತ ಮಾತ್ರ. ಇದು ಬದಲಾಗ್ಬೇಕು.

ಮಂಡಕ್ಕಿ ಭಟ್ಟಿಯ ಗೆಳೆಯ ಒಬ್ರು ಕೋವಿಡ್ ಟೈಮಲ್ಲಿ ಮೊರಟೋರಿಯಂ, ಅಂದ್ರೆ ಕಂತು ಮುಂದೂಡೋ ಸವಲತ್ತು, ತಗೊಂಡಿದ್ರು, 2020ರ ಮಾರ್ಚ್‌ನಿಂದ ಆಗಸ್ಟ್ ತನಕ. ಭತ್ತ ನಗದಿಗೆ ತರ್ಬೇಕು, ನೆನೆಸಿ, ಬೇಯಿಸಿ, ಒಣಗಿಸಿ, ಹುರಿದು, ಮಾರೋದು ಮಾತ್ರ ಉದ್ರಿಗೆ, ಲಾಕ್‌ಡೌನ್‌ನಲ್ಲಿ ಖಾರ ಮಂಡಕ್ಕಿ ಗಾಡಿಗಳೇ ಇಲ್ಲ, ಮಾಲು ಯಾರಿಗೆ? ಆಗ ಕಂತು ನಿಂತಿದ್ದು ದೊಡ್ಡ ಉಪಕಾರ, ಆದ್ರೆ ಕಂತು ಮುಂದಕ್ಕೆ ಹೋಗಿದ್ದೇ ಹೊರತು ಬಡ್ಡಿ ನಿಂತಿರ್ಲಿಲ್ಲ, ಇದನ್ನ ಅವರಿಗೆ ಮೊದ್ಲೇ ಯಾರೂ ಹೇಳಿರ್ಲಿಲ್ಲ. 2 ಕೋಟಿ ತನಕದ ಸಾಲಕ್ಕೆ ಬಡ್ಡಿ ಮೇಲಿನ ಬಡ್ಡಿ ಮಾತ್ರ ಸರ್ಕಾರ ವಾಪಸ್ ಕೊಡ್ತು. ಆಮೇಲೆ ಬಾಕಿ ಸಾಲದ 20% ಹೆಚ್ಚುವರಿ ಸಾಲ, ಸರ್ಕಾರದ ಗ್ಯಾರಂಟಿ ಮೇಲೆ, ಬ್ಯಾಂಕಿನೋರೇ ಫೋನ್ ಮಾಡಿ ಕರೆದು ಕೊಟ್ರು. ಅವರ ಭಟ್ಟಿ ಉಳಿದಿದ್ದು ಅದರಿಂದಲೇ. ಅಂದ್ರೆ ಮನಸ್ಸು ಮಾಡಿದ್ರೆ ಬ್ಯಾಂಕಿಂದ ಫೋನ್ ಬರ್ತೈತೆ. ಬರಗಾಲಕ್ಕೂ ಬರ್ಲಿ.

ರೇಟ್ ಬಿದ್ದಾಗ ಏನು? ಇಲ್ಲಿ ನನಗೆ ಭಾಳ ಹೊಟ್ಟೆ ಉರೀತೈತೆ. ಮಳೆ ಕಡಿಮೆ ಆದ್ರೆ 33% ಲೆಕ್ಕ ಐತೆ, ಘೋಷಣೆ ಐತೆ, ಫಸಲ್ ಬಿಮಾ ಅನ್ನೋ ಬೆಳೆ ವಿಮೆ ಐತೆ. ಬೆಳೆ ಚೆನ್ನಾಗಿ ಬಂದು ರೇಟ್ ಮಣ್ಣು ಪಾಲಾದ್ರೆ ಯಾವ ಬಾಗ್ಲೂ ತೆಗೆಯಲ್ಲ. ವಿಮೆ ಇಳುವರಿ ನೋಡ್ತೈತೆ, ಬೆಲೆ ನೋಡಲ್ಲ. ವಿಕೋಪ ಅಲ್ಲ ಅಂತ ಪುನರ್‌ರಚನೆನೂ ಇಲ್ಲ. 2025ರಲ್ಲಿ ನಮ್ಮ ಮೆಕ್ಕೆಜೋಳದೋರಿಗೆ, ಚಿತ್ರದುರ್ಗ ಕಡೆ ಈರುಳ್ಳಿಯೋರಿಗೆ ಆಗಿದ್ದು ಇದೇ. ಬೆಂಬಲ ಬೆಲೆಗಿಂತ ಪೇಟೆ ಬೆಲೆ ಇಷ್ಟು ವಾರ ಕೆಳಗಿದ್ರೆ ಆ ಜಿಲ್ಲೆಯಲ್ಲಿ ಆ ಬೆಳೆಯ ಸಾಲಕ್ಕೆ ಒಂದು ವರ್ಷ ಟೈಮ್ ಕೊಡ್ಬೇಕು, ಬಡ್ಡಿ ಸವಲತ್ತು ತಪ್ಪಬಾರದು ಅಂತ ಒಂದು ನಿಯಮ ಬರ್ಲೇಬೇಕು. ರೈತ ಸಂಘದೋರು ಖರೀದಿ ಕೇಂದ್ರ ಕೇಳ್ತಾರೆ, ಸರಿಯೇ, ಅದರ ಜೊತೆ ಇದನ್ನೂ ಕೇಳ್ಬೇಕು.

ಲಾವಣಿಗೆ, ಅಂದ್ರೆ ಬೇರೆಯೋರ ಹೊಲ ಗುತ್ತಿಗೆಗೆ, ಮಾಡೋರ ಕಥೆ ಇನ್ನೂ ಕಷ್ಟ. ಪಹಣಿ ಹೊಲದೊಡೆಯನ ಹೆಸರಲ್ಲಿ, ಬೆಳೆ ಸಾಲನೂ ಅವನ ಹೆಸರಲ್ಲಿ, ಪರಿಹಾರನೂ ಅವನಿಗೆ. ಬೆವರು ಸುರಿಸಿದೋರಿಗೆ ಉಳಿಯೋದು ನಮ್ಮ ಉದ್ರಿ ಮತ್ತು ಮೈಕ್ರೋ ಫೈನಾನ್ಸ್‌ನ ಸಂಘದ ಸಾಲ. ಮೈಕ್ರೋ ಫೈನಾನ್ಸ್ ಕಿರುಕುಳದ ಮೇಲೆ 2025ರ ಫೆಬ್ರವರಿಯಲ್ಲಿ ರಾಜ್ಯ ಸರ್ಕಾರ ಸುಗ್ರೀವಾಜ್ಞೆ ತಂತು, ಬಲವಂತದ ವಸೂಲಿಗೆ 10 ವರ್ಷದ ತನಕ ಜೈಲು, 5 ಲಕ್ಷದ ತನಕ ದಂಡ. ಬ್ಯಾಂಕಿನ ವಸೂಲಿ ಏಜೆಂಟ್‌ಗಳೂ ಬೆಳಿಗ್ಗೆ 8ಕ್ಕೆ ಮುಂಚೆ, ಸಂಜೆ 7ರ ಮೇಲೆ ಫೋನ್ ಮಾಡಂಗಿಲ್ಲ ಅಂತ ಆರ್‌ಬಿಐ ಹೇಳೈತೆ. ಮನೆ ಮುಂದೆ ಬಂದು ಕೂಗಾಡಿದ್ರೆ ಹೆದರ್ಬೇಡ್ರಿ, ಸ್ಟೇಷನ್‌ಗೆ ಹೋಗಿ ದೂರು ಕೊಡ್ರಿ. ಸಾಲ ಕಟ್ಟಕ್ಕಾಗ್ಲಿಲ್ಲ ಅಂತ ಜೀವ ಕಳ್ಕೊಂಡ ಮನೆಗಳಿಗೆ ನಾನು ಹೋಗಿ ಕೂತು ಬಂದಿದೀನಿ, ಅದ್ರ ಬಗ್ಗೆ ಜಾಸ್ತಿ ಬರೆಯೋಕೆ ಆಗಲ್ಲ.

ಇನ್ನು ಮಾರ್ಚ್ ಹತ್ರ ಬಂದಂಗೆಲ್ಲಾ ಒಟಿಎಸ್ ಅಂತ ಶಾಖೆಗಳಲ್ಲಿ ಕರೀತಾರೆ. ಒಂದೇ ಸಲ ಇಷ್ಟು ಕಟ್ಟಿ, ಉಳಿದದ್ದು ಬಿಡ್ತೀವಿ ಅಂತ. ಹಳೇ ಕೆಟ್ಟ ಸಾಲಕ್ಕೆ ಅದು ಒಳ್ಳೇ ದಾರಿನೇ, ಆದ್ರೆ ಸಿಬಿಲ್‌ನಲ್ಲಿ ಪೂರಾ ತೀರಿಸಿದ್ದು ಅಂತ ಬರಲ್ಲ, ಸೆಟಲ್ಡ್ ಅಂತ ಬರ್ತೈತೆ, ಮುಂದೆ ಮಗಳ ಓದಿಗೋ ಟ್ರ್ಯಾಕ್ಟರ್‌ಗೋ ಸಾಲಕ್ಕೆ ಹೋದಾಗ ಅದು ಅಡ್ಡ ಬರ್ತೈತೆ. ಒಪ್ಪೋಕೆ ಮುಂಚೆ ಪತ್ರ ಕೇಳಿ ತಗೊಳ್ರಿ, ಕಟ್ಟಿದ ಮೇಲೆ ಬೇಬಾಕಿ ಪತ್ರ ತಗೊಳ್ರಿ, ಪಹಣಿ ಮೇಲಿನ ಬೋಜಾ, ಅಂದ್ರೆ ಸಾಲದ ನಮೂದು, ತೆಗೆದಿದಾರಾ ಅಂತ ನೋಡ್ಕೊಳ್ರಿ.

ಅರ್ಜಿ ಕೊಟ್ಟು 30 ದಿನ ಆದ್ರೂ ಬ್ಯಾಂಕು ಉತ್ತರ ಕೊಡ್ಲಿಲ್ಲ, ಇಲ್ಲಾ ಕೊಟ್ಟ ಉತ್ತರ ಸರಿ ಇಲ್ಲ ಅಂದ್ರೆ ಬ್ಯಾಂಕ್ ಮೇಲಿನ ದೂರು ಕೇಳೋ ಆರ್‌ಬಿಐ ಓಂಬುಡ್ಸ್‌ಮನ್‌ಗೆ ದೂರು ಕೊಡ್ಬಹುದು, ವಕೀಲರು ಬೇಕಾಗಿಲ್ಲ, ಫೀಸಿಲ್ಲ, 14448ಕ್ಕೆ ಫೋನ್ ಮಾಡಿ ಕೇಳಿದ್ರೆ ಹೆಂಗೆ ಅಂತ ಹೇಳ್ತಾರೆ. ಅಲ್ಲಿ ಮೊದ್ಲು ಕೇಳೋದೇ ಬ್ಯಾಂಕಿಗೆ ಯಾವಾಗ ಬರೆದು ಕೊಟ್ರಿ ಅಂತ. ಅದಕ್ಕೇ ಆ ಸೀಲ್ ಬಿದ್ದ ಎರಡನೇ ಪ್ರತಿ ಜೋಪಾನ.

ನಮ್ಮ ಅಂಗಡೀಲಿ ಎರಡೂ ಥರದ ಅರ್ಜಿ ನಮೂನೆ ಕನ್ನಡದಲ್ಲಿ ಟೈಪ್ ಮಾಡಿಸಿ ಇಟ್ಟಿದೀನಿ, ಒಂದು ಬೆಳೆ ಸಾಲಕ್ಕೆ, ಒಂದು ಸಣ್ಣ ಉದ್ಯಮಕ್ಕೆ. ಗೊಬ್ಬರ ತಗೊಳ್ಬೇಕು ಅಂತೇನಿಲ್ಲ. ಬರೋವಾಗ ಪಾಸ್‌ಬುಕ್, ಈ ವರ್ಷದ ಪಹಣಿ, ಎಫ್‌ಐಡಿ (ರೈತರ ಗುರುತಿನ) ನಂಬರು ತರ್ರಿ, ಉದ್ಯಮದೋರು ಉದ್ಯಮ್ ಸರ್ಟಿಫಿಕೇಟು, ಕಳೆದ ವರ್ಷದ ಬ್ಯಾಂಕ್ ಸ್ಟೇಟ್‌ಮೆಂಟ್ ತರ್ರಿ. ಬರೆಯೋಕೆ ಬರಲ್ಲ ಅಂದ್ರೆ ನಾವೇ ತುಂಬಿಸಿ ಕೊಡ್ತೀವಿ, ಸಂತೆ ದಿನ ಗದ್ದಲ ಇರ್ತೈತೆ, ಅದೊಂದು ದಿನ ಬಿಟ್ಟು ಬರ್ರಿ.